ಬರ, ನೆರೆ, ಪರಿಹಾರ: ಕೆಲವರಿಗೆ ಬೇಗ, ಕೆಲವರಿಗೆ ತಡ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಮಳೆಗಾಲದಲ್ಲೂ, ಮಳೆ ಕೈಕೊಟ್ಟ ಪ್ರತಿ ವರ್ಷವೂ ಇವೇ ಪ್ರಶ್ನೆಗಳು ತಿರುಗಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಆಮೇಲೆ. ಕೇಂದ್ರದ ದರ ಅಂತ ಎಲ್ಲಿ ಬರೆದಿದ್ದರೂ ಅದು 2022ರಿಂದ 2026ರ ಅವಧಿಗೆ ಮಾಡಿದ ನಿಯಮದ ದರ.

## ಮೊದಲು ತಿಳಿದಿರಬೇಕಾದ್ದು

ನೆರೆ ಬಂದ್ರೆ ಪರಿಹಾರ ಕೊಡೋದು ಕೇಂದ್ರದ ಕೆಲಸನಾ, ರಾಜ್ಯದ ಕೆಲಸನಾ? ಇಬ್ಬರೂ ಒಬ್ಬರ ಮೇಲೊಬ್ಬರು ಹಾಕ್ತಾರೆ.

ಮೊದಲ ಹೊಣೆ ರಾಜ್ಯದ್ದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ, ರಾಜ್ಯದಲ್ಲಿ ಮುಖ್ಯಮಂತ್ರಿ, ದೇಶದಲ್ಲಿ ಪ್ರಧಾನಿ ಆಯಾ ಪ್ರಾಧಿಕಾರದ ಮುಖ್ಯಸ್ಥರು. ಖರ್ಚಿಗೆ ಪ್ರತಿ ರಾಜ್ಯದಲ್ಲೂ ಎಸ್‌ಡಿಆರ್‌ಎಫ್ ಅನ್ನುವ ರಾಜ್ಯ ವಿಪತ್ತು ಪರಿಹಾರ ನಿಧಿ ಇದೆ. ಅದರಲ್ಲಿ ನೂರಕ್ಕೆ 75 ರೂಪಾಯಿ ಕೇಂದ್ರದ್ದು, 25 ರಾಜ್ಯದ್ದು. ಈಶಾನ್ಯದ ಮತ್ತು ಹಿಮಾಲಯದ ರಾಜ್ಯಗಳಿಗೆ ಮಾತ್ರ 90 ಮತ್ತು 10.

ಈ ನಿಧಿ ಸಾಲದಷ್ಟು ದೊಡ್ಡ ಅನಾಹುತ ಆದರೆ ರಾಜ್ಯ ಮನವಿ ಪತ್ರ ಕೊಡಬೇಕು. ಕೇಂದ್ರದ ಅಧ್ಯಯನ ತಂಡ ಬಂದು ನೋಡಬೇಕು. ತಂಡದ ವರದಿ ಒಂದು ಉಪಸಮಿತಿಗೆ ಹೋಗಿ, ಅಲ್ಲಿಂದ ಗೃಹ ಸಚಿವರ ನೇತೃತ್ವದ ಉನ್ನತ ಮಟ್ಟದ ಸಮಿತಿಗೆ ಹೋಗಬೇಕು. ಆಮೇಲೆ ಎನ್‌ಡಿಆರ್‌ಎಫ್ ಅನ್ನುವ ರಾಷ್ಟ್ರೀಯ ನಿಧಿಯಿಂದ ದುಡ್ಡು. ಇಷ್ಟು ಮೆಟ್ಟಿಲು ಇರುವಾಗ ಪ್ರತಿ ಮೆಟ್ಟಿಲಲ್ಲೂ ಯಾರಾದರೂ ಇನ್ನೊಬ್ಬರ ಕಡೆ ಬೆರಳು ತೋರಿಸಬಹುದು. ತೋರಿಸುತ್ತಾರೆ ಕೂಡ.

ಎನ್‌ಡಿಆರ್‌ಎಫ್ ಅಂದ್ರೆ ಕಿತ್ತಳೆ ಬಟ್ಟೆ ಹಾಕ್ಕೊಂಡು ದೋಣಿಯಲ್ಲಿ ಬರ್ತಾರಲ್ಲ, ಅವರು ಅಲ್ವಾ?

ಅವರೂ ಹೌದು. ಒಂದೇ ಹೆಸರಿನಲ್ಲಿ ಎರಡಿವೆ: ಒಂದು ರಕ್ಷಣಾ ಪಡೆ, ಇನ್ನೊಂದು ನಿಧಿ. ಪಡೆ ಸಾಮಾನ್ಯವಾಗಿ ಬೇಗ ಬರುತ್ತದೆ. ನಿಧಿ ಬರುವುದೇ ತಡ. "ಎನ್‌ಡಿಆರ್‌ಎಫ್ ಬಂದಿದೆ" ಅಂತ ಯಾರಾದರೂ ಭಾಷಣದಲ್ಲಿ ಹೇಳಿದರೆ ಯಾವುದು ಅಂತ ಕೇಳಿ.

"ರಾಷ್ಟ್ರೀಯ ವಿಪತ್ತು" ಅಂತ ಘೋಷಣೆ ಮಾಡಿಸಿದ್ರೆ ಎಲ್ಲಾ ಸರಿ ಹೋಗುತ್ತಲ್ವಾ?

ಇಲ್ಲ. ಎಸ್‌ಡಿಆರ್‌ಎಫ್ ಮತ್ತು ಎನ್‌ಡಿಆರ್‌ಎಫ್ ನಿಯಮಗಳಲ್ಲಿ ಹಾಗೊಂದು ಘೋಷಣೆಯೇ ಇಲ್ಲ. 2018ರ ಕೇರಳದ ಪ್ರವಾಹದಲ್ಲೂ ಈ ಬೇಡಿಕೆ ಎದ್ದಿತ್ತು. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ಮತ್ತೆ ಬಂತು. ಅದೇ ನವೆಂಬರಿನಲ್ಲಿ ಕೇಂದ್ರ ಇದೇ ಉತ್ತರ ಕೊಟ್ಟಿತು. ಡಿಸೆಂಬರ್ ಕೊನೆಗೆ "ತೀವ್ರ ಸ್ವರೂಪದ ವಿಪತ್ತು" ಅಂತ ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಂಡರೆ ಬೇರೆ ರಾಜ್ಯದ ಸಂಸದರು ಕೂಡ ತಮ್ಮ ನಿಧಿಯಿಂದ ಹಣ ಕೊಡಬಹುದು, ಇತರ ನಿಧಿಗಳ ಬಾಗಿಲೂ ಸ್ವಲ್ಪ ತೆರೆಯುತ್ತದೆ. ಆದರೆ ಅದನ್ನು ಹೇಳಲು ಐದು ತಿಂಗಳು ಬೇಕಾಯಿತು.

ನನ್ನ ಪ್ರಕಾರ ಈ ಘೋಷಣೆಯ ಕೂಗಿನಲ್ಲಿ ಎಲ್ಲರಿಗೂ ಅನುಕೂಲ ಇದೆ, ಸಂತ್ರಸ್ತರೊಬ್ಬರನ್ನು ಬಿಟ್ಟು. ಕೇಳುವವರಿಗೆ ಹೋರಾಟ ಮಾಡಿದ ಹೆಸರು ಬರುತ್ತದೆ, ಕೊಡದವರಿಗೆ ನಿಯಮದ ನೆಪ ಸಿಗುತ್ತದೆ.

ಮನೆ ಪೂರ್ತಿ ಬಿದ್ದಿದೆ. 1.2 ಲಕ್ಷ ಅಂತಾರೆ. ಅದರಲ್ಲಿ ಪಾಯ ಹಾಕೋಕೂ ಆಗಲ್ಲ. ಈ ಲೆಕ್ಕ ಯಾರು ಮಾಡಿದ್ದು?

ಕೇಂದ್ರ ಗೃಹ ಸಚಿವಾಲಯ ಒಂದು ದರಪಟ್ಟಿ ಮಾಡಿದೆ, ದೇಶಕ್ಕೆಲ್ಲ ಒಂದೇ. ಜೀವ ಹೋದರೆ 4 ಲಕ್ಷ. ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ 1.2 ಲಕ್ಷ, ಗುಡ್ಡಗಾಡಿನಲ್ಲಿ 1.3 ಲಕ್ಷ. ಪಕ್ಕಾ ಮನೆ ಭಾಗಶಃ ಹಾಳಾದರೆ 6,500, ಗುಡಿಸಲಿಗೆ 8,000. ಹಾಲು ಕೊಡುವ ಹಸು ಅಥವಾ ಎಮ್ಮೆ ಸತ್ತರೆ 37,500. ಬೆಳೆ ಶೇ 33ಕ್ಕಿಂತ ಜಾಸ್ತಿ ಹಾಳಾಗಿದ್ದರೆ ಹೆಕ್ಟೇರಿಗೆ ಖುಷ್ಕಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರಿಗೆ ಮಾತ್ರ.

ಸರ್ಕಾರದ ಮಾತಿನಲ್ಲಿ ಇದು ನಷ್ಟ ತುಂಬಿಕೊಡುವ ಹಣ ಅಲ್ಲವೇ ಅಲ್ಲ. ಮತ್ತೆ ಎದ್ದು ನಿಲ್ಲಲು ಕೊಡುವ ಆಸರೆ ಅಷ್ಟೇ. ನಾವು ಪರಿಹಾರ ಅಂದಾಗ ಮನಸ್ಸಿನಲ್ಲಿ ಇರುವುದು ಒಂದು, ಕಡತದಲ್ಲಿ ಇರುವುದು ಇನ್ನೊಂದು. ಜಗಳ ಅರ್ಧ ಇಲ್ಲೇ ಹುಟ್ಟುತ್ತದೆ.

ಆದ್ರೆ ಹೋದ ಸಲ ನಮ್ಮ ಪಕ್ಕದ ತಾಲ್ಲೂಕಿನವರಿಗೆ ಮನೆಗೆ 5 ಲಕ್ಷ ಬಂತು. ನಮಗ್ಯಾಕೆ ಇಲ್ಲ?

ಅದು ರಾಜ್ಯ ತನ್ನ ಕೈಯಿಂದ ಸೇರಿಸಿ ಕೊಟ್ಟಿದ್ದು. ಕೇಂದ್ರದ ದರದ ಮೇಲೆ ಎಷ್ಟು ಬೇಕಾದರೂ ಸೇರಿಸುವ ಸ್ವಾತಂತ್ರ್ಯ ರಾಜ್ಯಕ್ಕೆ ಇದೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಘೋಷಣೆ ಆಯಿತು, ನೀರು ನುಗ್ಗಿದ ಮನೆಗೆ ತಕ್ಷಣಕ್ಕೆ 10,000. 2021ರ ಡಿಸೆಂಬರಿನಲ್ಲಿ ಖುಷ್ಕಿ ಬೆಳೆಗೆ ಅಂದಿನ 6,800ರ ಬದಲು 13,600 ಕೊಡುತ್ತೇವೆ ಅಂದರು. 2025ರ ಸೆಪ್ಟೆಂಬರ್ ಕೊನೆಗೆ ಕಲ್ಯಾಣ ಕರ್ನಾಟಕದ ನೆರೆಯ ಹೊತ್ತಿನಲ್ಲಿ ಹೆಕ್ಟೇರಿಗೆ 8,500 ಹೆಚ್ಚುವರಿ ಅಂದರು.

ಅಂದರೆ ನಿಮ್ಮ ಮನೆ ಯಾವ ವರ್ಷ ಬಿತ್ತು, ಆಗ ಯಾವ ಸರ್ಕಾರ ಇತ್ತು, ಎಷ್ಟು ಒತ್ತಡ ಇತ್ತು, ಇದರ ಮೇಲೆ ನಿಮ್ಮ ಪಾಲು ನಿಂತಿದೆ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರಬಹುದು. ಆದರೆ ಇದು ಹಕ್ಕಲ್ಲ, ಆ ಸಲದ ಘೋಷಣೆ. ಹಕ್ಕಾಗಿದ್ದರೆ ಮುಂದಿನ ಸಲವೂ ಕೇಳಬಹುದಿತ್ತು.

ಇದರ ಜೊತೆಗೆ ಮನೆ ಹಾನಿಗೆ ಎ, ಬಿ, ಸಿ ಅನ್ನುವ ವರ್ಗ ಇದೆ. ಶೇ 75ಕ್ಕಿಂತ ಜಾಸ್ತಿ ಹಾಳಾಗಿದ್ದರೆ ಎ, 25ರಿಂದ 75 ಇದ್ದರೆ ಬಿ, ಅದಕ್ಕಿಂತ ಕಡಿಮೆ ಇದ್ದರೆ ಸಿ. ಮಣ್ಣಿನ ಗೋಡೆ ನೀರು ಕುಡಿದು ನಿಂತಿರುತ್ತದೆ, ಸಮೀಕ್ಷೆಯವರು ಸಿ ಅಂತ ಬರೆದು ಹೋಗುತ್ತಾರೆ, ಎರಡು ವಾರ ಕಳೆದು ಬಿಸಿಲು ಬಂದಾಗ ಗೋಡೆ ಬೀಳುತ್ತದೆ. ಹಾಗಾದರೆ ಸುಮ್ಮನಿರದೆ ತಹಶೀಲ್ದಾರರಿಗೆ ಮರುಸಮೀಕ್ಷೆಗೆ ಬರೆದು ಕೊಡಿ.

ಹೊಲ ಗುತ್ತಿಗೆಗೆ ಮಾಡ್ತೀವಿ. ಬೆಳೆ ಹೋಗಿದ್ದು ನಮ್ಮದು, ದುಡ್ಡು ಬಂದಿದ್ದು ಬೆಂಗಳೂರಲ್ಲಿರೋ ಮಾಲೀಕರಿಗೆ. ಇದು ಯಾವ ನ್ಯಾಯ?

ನ್ಯಾಯ ಅಲ್ಲ, ಪಹಣಿ. ಬೆಳೆ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಆಧಾರ್ ಜೋಡಿಸಿದ ಖಾತೆಗೆ. ಈಚೆಗೆ ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆಯನ್ನೂ ನೋಡುತ್ತಾರೆ. ಮಧ್ಯವರ್ತಿ ಇಲ್ಲದೆ ನೇರ ಖಾತೆಗೆ ಹಣ ಬರುವುದು ದೊಡ್ಡ ಸುಧಾರಣೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಾಯಿಮಾತಿನ ಗುತ್ತಿಗೆ, ತೀರಿಕೊಂಡ ಅಜ್ಜನ ಹೆಸರಲ್ಲೇ ಉಳಿದ ಜಂಟಿ ಖಾತೆ, ಗಂಡ ಹೋದ ಮೇಲೆ ಖಾತೆ ಬದಲಾಗದ ಹೆಂಗಸರು, ಇವರೆಲ್ಲ ಈ ಜಾಲರಿಯಲ್ಲಿ ಸೋರಿ ಹೋಗುತ್ತಾರೆ. ಖಾತೆ ಬದಲಾವಣೆಗೆ ಮಳೆಗಾಲದವರೆಗೆ ಕಾಯಬೇಡಿ ಅಂತ ಹೇಳಬಹುದೇ ಹೊರತು, ಗುತ್ತಿಗೆದಾರರಿಗೆ ಇವತ್ತಿನ ನಿಯಮದಲ್ಲಿ ನೇರ ದಾರಿ ಇಲ್ಲ.

## ಹೋಲಿಕೆಯ ಪ್ರಶ್ನೆಗಳು

ಕರ್ನಾಟಕಕ್ಕೆ ಅನ್ಯಾಯ ಆಗಿದೆ ಅನ್ನೋದು ನಿಜನಾ, ಬರೀ ರಾಜಕೀಯನಾ?

ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

2019ರ ಆಗಸ್ಟಿನಲ್ಲಿ ರಾಜ್ಯದ 22 ಜಿಲ್ಲೆಗಳಲ್ಲಿ ನೆರೆ. ಬೆಳಗಾವಿ, ಬಾಗಲಕೋಟೆ ಕಡೆ ಊರಿಗೆ ಊರೇ ಮುಳುಗಿತ್ತು. ಆಗ ಕೇಂದ್ರದಲ್ಲೂ ರಾಜ್ಯದಲ್ಲೂ ಒಂದೇ ಪಕ್ಷ. ಆದರೂ ಮೊದಲ 1,200 ಕೋಟಿ ಬಂದಿದ್ದು ಅಕ್ಟೋಬರಿನಲ್ಲಿ. 2020ರ ಜನವರಿಯಲ್ಲಿ ಒಟ್ಟು 1,869.85 ಕೋಟಿ ಅಂತ ಅಂತಿಮವಾಯಿತು. ರಾಜ್ಯ ಹೇಳಿದ ನಷ್ಟ ಸುಮಾರು 35,000 ಕೋಟಿ.

2023ರಲ್ಲಿ ಬರ. 223 ತಾಲ್ಲೂಕುಗಳು ಬರಪೀಡಿತ. ಈ ಸಲ ಎರಡು ಕಡೆ ಎದುರಾಳಿ ಪಕ್ಷಗಳು. ಸೆಪ್ಟೆಂಬರಿನಲ್ಲಿ ಮನವಿ ಹೋಯಿತು, ಅಕ್ಟೋಬರಿನಲ್ಲಿ ಕೇಂದ್ರದ ತಂಡ ಬಂದು ಹೋಯಿತು. ಆಮೇಲೆ ಮೌನ. 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ಬಂತು. ಕೇಳಿದ್ದು 18,171.44 ಕೋಟಿ. ತಂಡದ ವರದಿ ಬಂದ ಒಂದು ತಿಂಗಳಲ್ಲಿ ತೀರ್ಮಾನ ಆಗಬೇಕಿತ್ತು ಅನ್ನುವುದು ರಾಜ್ಯದ ವಾದ. ರಾಜ್ಯವೇ ತಡವಾಗಿ ಕೇಳಿತು ಅಂತ ಕೇಂದ್ರದ ಸಚಿವರು ಹೇಳಿದರು.

ಇದರಿಂದ ನನಗೆ ಕಾಣುವುದು ಇಷ್ಟು. ಮೊತ್ತ ಕಡಿಮೆ ಆಗುವುದು ಹೆಚ್ಚಾಗಿ ನಿಯಮದಿಂದ. ಯಾವ ಪಕ್ಷ ಇದ್ದರೂ ನಷ್ಟದ ಸಣ್ಣ ಪಾಲು ಮಾತ್ರ ಬರುತ್ತದೆ. ತಡ ಆಗುವುದರಲ್ಲಿ ಮಾತ್ರ ರಾಜಕೀಯದ ವಾಸನೆ ಜಾಸ್ತಿ. ಎರಡು ತಿಂಗಳು ಎಲ್ಲಿ, ಏಳು ತಿಂಗಳು ಎಲ್ಲಿ?

ಬರದಲ್ಲೂ 35 ಸಾವಿರ ಕೋಟಿ ನಷ್ಟ ಅಂತಾರೆ, 18 ಸಾವಿರ ಕೇಳ್ತಾರೆ, 3 ಸಾವಿರ ಬರುತ್ತೆ. ಯಾರು ಸುಳ್ಳು ಹೇಳ್ತಿದ್ದಾರೆ?

ಯಾರೂ ಸುಳ್ಳು ಹೇಳಬೇಕಾಗಿಲ್ಲ, ಮೂರೂ ಬೇರೆ ಲೆಕ್ಕ. ಮೊದಲನೆಯದು ನಿಜವಾಗಿ ಹಾಳಾದದ್ದರ ಅಂದಾಜು. ಎರಡನೆಯದು ದರಪಟ್ಟಿಯ ಪ್ರಕಾರ ರಾಜ್ಯ ಕೇಳಬಹುದು ಅಂದುಕೊಂಡದ್ದು. ಮೂರನೆಯದು ಸಮಿತಿ ಒಪ್ಪಿದ್ದು. ಅದರಲ್ಲೂ ಎಸ್‌ಡಿಆರ್‌ಎಫ್‌ನಲ್ಲಿ ಹಿಂದಿನಿಂದ ಉಳಿದ ಹಣದ ಅರ್ಧವನ್ನು ಕಳೆದು ಉಳಿದದ್ದನ್ನು ಬಿಡುಗಡೆ ಮಾಡುತ್ತಾರೆ. ಹೀಗಾಗಿ ಪತ್ರಿಕೆಯಲ್ಲಿ ಓದಿದ ಮೊತ್ತಕ್ಕೂ ಖಜಾನೆಗೆ ಬಂದ ಮೊತ್ತಕ್ಕೂ ತಾಳೆ ಆಗುವುದಿಲ್ಲ.

ಟಿವಿ ಚರ್ಚೆಯಲ್ಲಿ ರಾಜ್ಯದವರು ಮೊದಲ ಸಂಖ್ಯೆ ಹೇಳುತ್ತಾರೆ, ಕೇಂದ್ರದವರು ಹತ್ತು ವರ್ಷದ ಒಟ್ಟು ಮೊತ್ತ ಹೇಳುತ್ತಾರೆ. ಎರಡೂ ನಿಜ, ಎರಡರಿಂದಲೂ ಏನೂ ತಿಳಿಯುವುದಿಲ್ಲ.

ಗುಜರಾತಿಗೆ ಚಂಡಮಾರುತ ಬಂದ ಎರಡೇ ದಿನಕ್ಕೆ ಸಾವಿರ ಕೋಟಿ. ನಮಗ್ಯಾಕೆ ತಿಂಗಳುಗಟ್ಟಲೆ?

2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಮಾತು ಇದು. ಕೇರಳ, ಕರ್ನಾಟಕ, ಮಹಾರಾಷ್ಟ್ರದ ಕರಾವಳಿಗೂ ಹೊಡೆತ ಬಿದ್ದಿತ್ತು. ಅತಿ ಜೋರಾಗಿ ಅಪ್ಪಳಿಸಿದ್ದು ಗುಜರಾತಿಗೆ. ಪ್ರಧಾನಿ ವೈಮಾನಿಕ ಸಮೀಕ್ಷೆ ಮಾಡಿದ್ದೂ ಅಲ್ಲೇ, 1,000 ಕೋಟಿ ಘೋಷಿಸಿದ್ದೂ ಅಲ್ಲಿಗೇ. ಉಳಿದವರಿಗೆ ವರದಿ ಕಳಿಸಿದ ಮೇಲೆ ಅಂದರು.

ಇದನ್ನು ಬರೀ ಪಕ್ಷದ ಲೆಕ್ಕ ಅಂದರೆ ಪೂರ್ತಿ ಸರಿ ಆಗುವುದಿಲ್ಲ. 2020ರಲ್ಲಿ ಅಂಫಾನ್ ಬಂದಾಗ ಎದುರಾಳಿ ಪಕ್ಷದ ಪಶ್ಚಿಮ ಬಂಗಾಳಕ್ಕೂ ಪ್ರಧಾನಿ ಹೋಗಿ 1,000 ಕೋಟಿ ಮುಂಗಡ ಘೋಷಿಸಿದ್ದರು. ಹೆಲಿಕಾಪ್ಟರ್ ಹೋದ ಕಡೆ ಮುಂಗಡ ಹೋಗುತ್ತದೆ. ಹಾಗಾದರೆ ಹೆಲಿಕಾಪ್ಟರ್ ಎಲ್ಲಿಗೆ ಹೋಗಬೇಕು ಅಂತ ಯಾವ ನಿಯಮದಲ್ಲಿ ಬರೆದಿದೆ? ಎಲ್ಲೂ ಬರೆದಿಲ್ಲ. ತಾರತಮ್ಯಕ್ಕೆ ಜಾಗ ಸಿಗುವುದು ಇಂಥ ಬರೆಯದ ಕಡೆಯಲ್ಲೇ. ಮುಂಗಡವನ್ನು ಗಾಳಿಯ ವೇಗಕ್ಕೋ ಮಳೆಯ ಪ್ರಮಾಣಕ್ಕೋ ಜೋಡಿಸಿ ತಾನಾಗಿ ಬಿಡುಗಡೆ ಆಗುವ ಹಾಗೆ ಮಾಡಿದರೆ ಈ ಜಗಳದ ದೊಡ್ಡ ಭಾಗ ಮುಗಿಯುತ್ತದೆ. ಯಾರಿಗೂ ಅದರಲ್ಲಿ ಆಸಕ್ತಿ ಇದ್ದಂತಿಲ್ಲ, ಯಾಕೆಂದರೆ ಆಗ ಘೋಷಣೆ ಮಾಡುವ ಅವಕಾಶ ಹೋಗುತ್ತದೆ ಅಲ್ವಾ.

ಮಹಾರಾಷ್ಟ್ರಕ್ಕೆ ಎಸ್‌ಡಿಆರ್‌ಎಫ್ ನಮ್ಮ ನಾಲ್ಕು ಪಟ್ಟು ಅಂತೆ. ಅಲ್ಲಿ ನಾಲ್ಕು ಪಟ್ಟು ಮಳೆ ಬರುತ್ತಾ?

ಇಲ್ಲ. ರಾಜ್ಯಗಳ ಪಾಲು ಎಷ್ಟು ಅಂತ ಹೇಳುವ 15ನೇ ಹಣಕಾಸು ಆಯೋಗದ ಲೆಕ್ಕ ಅದು. 2021–22ಕ್ಕೆ ಪರಿಹಾರ ಮತ್ತು ಮುಂಜಾಗ್ರತೆ ಎರಡೂ ಸೇರಿ ಮಹಾರಾಷ್ಟ್ರಕ್ಕೆ ಸುಮಾರು 4,300 ಕೋಟಿ, ಕರ್ನಾಟಕಕ್ಕೆ ಸುಮಾರು 1,050 ಕೋಟಿ, ಕೇರಳಕ್ಕೆ 420 ಕೋಟಿಯಷ್ಟು ನಿಗದಿಯಾಯಿತು. ವಿಸ್ತೀರ್ಣ, ಜನಸಂಖ್ಯೆ, ಅಪಾಯದ ಸೂಚ್ಯಂಕ ಎಲ್ಲ ನೋಡಿದರು. ಜೊತೆಗೆ ರಾಜ್ಯ ಹಿಂದೆ ವಿಪತ್ತಿಗೆ ಎಷ್ಟು ಖರ್ಚು ಮಾಡಿತ್ತು ಅನ್ನುವುದಕ್ಕೂ ದೊಡ್ಡ ತೂಕ ಕೊಟ್ಟರು.

ತೊಂದರೆ ಇರುವುದು ಈ ಕೊನೆಯ ಅಂಶದಲ್ಲಿ. ಹಿಂದೆ ಜಾಸ್ತಿ ಖರ್ಚು ಮಾಡಿದ ರಾಜ್ಯಕ್ಕೆ ಮುಂದೆಯೂ ಜಾಸ್ತಿ. ಹಿಂದೆ ದುಡ್ಡಿಲ್ಲದೆ ಕೈ ಬಿಗಿಹಿಡಿದವರಿಗೆ ಮುಂದೆಯೂ ಕಡಿಮೆ. ಹವಾಮಾನ ಬದಲಾಗಿ ಹೊಸದಾಗಿ ಅಪಾಯಕ್ಕೆ ಸಿಕ್ಕವರು ಈ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಕೇರಳ 1924ರ ನಂತರ 2018ರವರೆಗೆ ಅಂಥ ನೆರೆ ಕಂಡಿರಲಿಲ್ಲ, ಹಾಗಾಗಿ ಹಳೆಯ ಖರ್ಚೂ ಕಡಿಮೆ. ಇದರಲ್ಲಿ ಯಾರ ಸಂಚೂ ಇಲ್ಲ. ಸೂತ್ರವೇ ಹಿಂದಕ್ಕೆ ನೋಡಿಕೊಂಡು ನಡೆಯುತ್ತದೆ.

ಕೇಂದ್ರವನ್ನೇ ಬೈತೀರಲ್ಲ, ಬೆಂಗಳೂರಲ್ಲಿ ನೀರು ನಿಂತ್ರೆ ಓಡೋ ಸರ್ಕಾರ ಕಲಬುರಗಿಯಲ್ಲಿ ತೊಗರಿ ಮುಳುಗಿದ್ರೆ ಎಲ್ಲಿರುತ್ತೆ?

ಸರಿಯಾದ ಪ್ರಶ್ನೆ. ದೆಹಲಿ ನಮಗೆ ಮಾಡಿದ್ದನ್ನೇ ವಿಧಾನಸೌಧ ತನ್ನ ದೂರದ ಜಿಲ್ಲೆಗಳಿಗೆ ಮಾಡುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆ ಮುಳುಗಿದಾಗ ಐಟಿ ಕಂಪನಿಗಳವರು ಟ್ರ್ಯಾಕ್ಟರ್ ಹತ್ತಿ ಹೋಗುವ ಚಿತ್ರ ದೇಶವೆಲ್ಲ ಓಡಾಡಿತು. ರಾಜ್ಯ ಘೋಷಿಸಿದ 600 ಕೋಟಿಯಲ್ಲಿ 300 ಕೋಟಿ ಬೆಂಗಳೂರೊಂದಕ್ಕೇ. ಉಳಿದರ್ಧದಲ್ಲಿ ಇಡೀ ರಾಜ್ಯ.

ಕೇಂದ್ರದ ಕಡೆಯಲ್ಲೂ ಇದೇ ಒಲವು ಇದೆ. 15ನೇ ಹಣಕಾಸು ಆಯೋಗ ಏಳು ನಗರಗಳ ನೆರೆ ತಡೆಯಲು 2,500 ಕೋಟಿ ಇಟ್ಟಿತು, ಅದರಲ್ಲಿ ಬೆಂಗಳೂರಿಗೆ 250 ಕೋಟಿ. ಬರ ತಡೆಯಲು 12 ರಾಜ್ಯಗಳಿಗೆ ಸೇರಿ 1,200 ಕೋಟಿ, ಅಂದರೆ ಕರ್ನಾಟಕಕ್ಕೆ 100 ಕೋಟಿ. ಒಂದು ನಗರದ ಚರಂಡಿಗೆ 250, ಪಾವಗಡದಿಂದ ಬೀದರಿನವರೆಗಿನ ಒಣ ನೆಲಕ್ಕೆ 100. ಐದು ವರ್ಷಕ್ಕೆ.

ಭೀಮಾ ತೀರದ ಊರುಗಳು 2020ರಲ್ಲಿ ಮುಳುಗಿದವು, 2025ರಲ್ಲಿ ಮತ್ತೆ ಮುಳುಗಿದವು. ಮಹಾರಾಷ್ಟ್ರದ ಅಣೆಕಟ್ಟುಗಳಿಂದ ಎಷ್ಟು ನೀರು ಬಿಡುತ್ತಾರೆ ಅನ್ನುವುದು ಅವರ ಬದುಕಿನ ಪ್ರಶ್ನೆ. ಸುದ್ದಿಯಲ್ಲಿ ಅದಕ್ಕೆ ಸಿಗುವುದು ಎರಡು ನಿಮಿಷ. ಬೆಂಗಳೂರಿನವರು ತೆರಿಗೆ ಜಾಸ್ತಿ ಕಟ್ಟುತ್ತಾರೆ ಅಂತ ಕೆಲವರು ಹೇಳುತ್ತಾರೆ. ಕೇಂದ್ರ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕ ಹೇಳುವ ವಾದವೂ ಇದೇ ಅನ್ನುವುದು ನಿಜ. ಆದರೆ ನೆರೆಯಲ್ಲಿ ಮುಳುಗಿದವರನ್ನು ತೆರಿಗೆಯ ಲೆಕ್ಕದಲ್ಲಿ ಅಳೆಯಲು ಹೊರಟರೆ ಆ ದಾರಿ ಎಲ್ಲಿಗೆ ಹೋಗುತ್ತದೆ ಅಂತ ಸ್ವಲ್ಪ ಯೋಚಿಸಿ.

ಸಿಡಿಲು ಬಡಿದು ಅಣ್ಣ ಹೋದ. ಕೇಂದ್ರದ ಪಟ್ಟಿಯಲ್ಲಿ ಸಿಡಿಲೇ ಇಲ್ಲ ಅಂದ್ರು. ಹೌದಾ?

ಹೌದು, ನಂಬಲು ಕಷ್ಟ. 2022ರಿಂದ 2026ರ ನಿಯಮದಲ್ಲಿ ಕೇಂದ್ರದ ಪಟ್ಟಿಯಲ್ಲಿ ಇದ್ದದ್ದು ಹನ್ನೆರಡು: ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟ ದಾಳಿ, ಶೀತಗಾಳಿ. ಸಿಡಿಲೂ ಇರಲಿಲ್ಲ, ಬಿಸಿಗಾಳಿಯೂ ಇರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ಸಿಡಿಲಿಗೆ ಸತ್ತವರು 2,887 ಜನ. ಆ ವರ್ಷ ಪ್ರಕೃತಿಯ ಕಾರಣದಿಂದ ಸತ್ತವರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ.

ರಾಜ್ಯಗಳು ಬೇಕಾದರೆ ತಮ್ಮ ಪಟ್ಟಿಗೆ ಸೇರಿಸಿಕೊಂಡು ಎಸ್‌ಡಿಆರ್‌ಎಫ್‌ನ ಶೇ 10ರವರೆಗೆ ಬಳಸಬಹುದು. ಒಡಿಶಾ, ಕೇರಳ ಹಾಗೆ ಮಾಡಿವೆ. ಹಾಗಾಗಿ "ಕೇಂದ್ರದ ಪಟ್ಟಿಯಲ್ಲಿಲ್ಲ" ಅನ್ನುವುದು ಕೊನೆಯ ಮಾತಲ್ಲ. ರಾಜ್ಯದ ಆದೇಶ ಏನಿದೆ ಅಂತ ತಹಶೀಲ್ದಾರ್ ಕಚೇರಿಯಲ್ಲಿ ಬರಹದಲ್ಲೇ ಕೇಳಿ. ಸಿಡಿಲು ಒಂದೊಂದೇ ಜೀವ ತೆಗೆಯುತ್ತದೆ, ಹೆಚ್ಚಾಗಿ ಹೊಲದಲ್ಲಿ ಕೆಲಸ ಮಾಡುವವರದ್ದು. ಒಟ್ಟಿಗೆ ನೂರು ಜನ ಸಾಯದಿದ್ದರೆ ನಮ್ಮಲ್ಲಿ ಅದು ವಿಪತ್ತು ಅನ್ನಿಸಿಕೊಳ್ಳುವುದಿಲ್ಲ.

ನೆರೆಗೆ ಎಲ್ಲರೂ ಓಡಿ ಬರ್ತಾರೆ. ಬರಕ್ಕೆ ಯಾಕೆ ಯಾರೂ ಬರಲ್ಲ?

ನೆರೆಗೆ ಚಿತ್ರ ಇದೆ, ಬರಕ್ಕೆ ಇಲ್ಲ. ಇದು ಭಾರತದ ಕಥೆ ಮಾತ್ರ ಅಲ್ಲ. ಐಸೆನ್ಸೀ ಮತ್ತು ಸ್ಟ್ರೋಮ್‌ಬರ್ಗ್ ಅನ್ನುವ ಸಂಶೋಧಕರು 2007ರಲ್ಲಿ ಅಮೆರಿಕದ ಟಿವಿ ಸುದ್ದಿಯನ್ನೂ ಹೊರದೇಶಗಳಿಗೆ ಅದು ಕೊಟ್ಟ ನೆರವನ್ನೂ ಹೋಲಿಸಿದರು. ಒಲಿಂಪಿಕ್ಸ್ ಇರುವ ಹೊತ್ತಿನಲ್ಲಿ ವಿಪತ್ತು ಬಂದರೆ ಸುದ್ದಿಯೂ ಕಡಿಮೆ, ನೆರವೂ ಕಡಿಮೆ. ಜ್ವಾಲಾಮುಖಿಗೆ ಸಿಗುವ ಪ್ರಚಾರ ಆಹಾರದ ಕೊರತೆಗೆ ಸಿಗಬೇಕಾದರೆ ಸಾವಿನ ಸಂಖ್ಯೆ ಸಾವಿರಾರು ಪಟ್ಟು ಜಾಸ್ತಿ ಇರಬೇಕು ಅಂತ ಕಂಡುಕೊಂಡರು.

ನಮ್ಮಲ್ಲಿ ಇದರ ಮೇಲೆ ನಿಯಮದ ಭಾರವೂ ಇದೆ. 2016ರ ಬರ ಕೈಪಿಡಿಯ ಪ್ರಕಾರ ಮಳೆ ಕೊರತೆ ಇದ್ದರೆ ಸಾಲದು. ಬಿತ್ತನೆ, ಉಪಗ್ರಹದಲ್ಲಿ ಕಾಣುವ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲ ಇವನ್ನೂ ನೋಡಬೇಕು. ಆಮೇಲೆ ಆಯ್ದ ಹಳ್ಳಿಗಳಲ್ಲಿ ಹೊಲಕ್ಕೆ ಇಳಿದು ಬೆಳೆ ಪರೀಕ್ಷೆ. ಅದರಲ್ಲಿ "ತೀವ್ರ" ಅಂತ ಬಂದರೆ ಮಾತ್ರ ಎನ್‌ಡಿಆರ್‌ಎಫ್. "ಸಾಧಾರಣ" ಬರ ಅಂತ ಬಂದ ತಾಲ್ಲೂಕಿನ ರೈತರ ಜೇಬಿಗೆ ಅದು ಹೇಗೆ ಸಾಧಾರಣ ಅಂತ ಕೈಪಿಡಿ ಹೇಳುವುದಿಲ್ಲ. ಮೇವು ಮಾರಿ, ದನ ಮಾರಿ, ಗುಳೆ ಹೋದ ಮೇಲೆ ತಂಡ ಬರುತ್ತದೆ. ಅಷ್ಟರಲ್ಲಿ ಹೊಲದಲ್ಲಿ ನೋಡಲು ಏನೂ ಉಳಿದಿರುವುದಿಲ್ಲ.

ಕ್ಯಾಮೆರಾ ಇರೋ ತನಕ ಮಾತ್ರ ಕೆಲಸನಾ?

ಬಹುಪಾಲು ಹೌದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಕೇರಳದ ಲಾರಿ ಚಾಲಕರೊಬ್ಬರ ಹುಡುಕಾಟ ವಾರಗಟ್ಟಲೆ ನೇರ ಪ್ರಸಾರ ಆಯಿತು. ಆಗಲೇಬೇಕಿತ್ತು, ಅದರಲ್ಲಿ ತಪ್ಪಿಲ್ಲ. ಅದೇ ಮಣ್ಣು ಗಂಗಾವಳಿ ನದಿಗೆ ಬಿದ್ದು ಎದ್ದ ಅಲೆ ಎದುರು ದಡದ ಉಳುವರೆ ಅನ್ನುವ ಹಳ್ಳಿಯ ಮನೆಗಳನ್ನು ಹೊಡೆದುಕೊಂಡು ಹೋಯಿತು. ಉಳುವರೆಯ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ?

## ಸ್ವಲ್ಪ ಆಳಕ್ಕೆ ಇಳಿದರೆ

ಎಲ್ಲರಿಗೂ ಒಂದೇ ದರ ಇದ್ದ ಮೇಲೆ ತಾರತಮ್ಯ ಎಲ್ಲಿಂದ ಬಂತು? ಸಮಾನವಾಗಿಯೇ ಇದೆಯಲ್ಲ.

ದರಪಟ್ಟಿಯನ್ನು ಇನ್ನೊಮ್ಮೆ ನೋಡಿ. ಪೂರ್ತಿ ಬಿದ್ದ ಮನೆಗೆ 1.2 ಲಕ್ಷ, ಗುಡಿಸಲಿಗೆ 8,000. ಎರಡರಲ್ಲೂ ಒಂದು ಕುಟುಂಬ ಇತ್ತು, ಎರಡೂ ಕುಟುಂಬ ಬೀದಿಗೆ ಬಂದವು. ಹೊಲ ಇದ್ದವರಿಗೆ ಹೆಕ್ಟೇರಿನ ಲೆಕ್ಕದಲ್ಲಿ, ದನ ಇದ್ದವರಿಗೆ ತಲೆಯ ಲೆಕ್ಕದಲ್ಲಿ. ಕಳೆದುಕೊಳ್ಳಲು ಏನಾದರೂ ಇದ್ದವರಿಗೆ ಮಾತ್ರ ಈ ಪಟ್ಟಿಯಲ್ಲಿ ಜಾಗ ಇದೆ. ಕೂಲಿ ಮಾಡಿ ತಿನ್ನುವವರು ಕಳೆದುಕೊಂಡಿದ್ದು ದುಡಿಯುವ ದಿನಗಳನ್ನು. ಅವು ಪಂಚನಾಮೆಯಲ್ಲಿ ಬರುವುದಿಲ್ಲ.

ಇವರಿಗಾಗಿ ಒಂದೇ ಒಂದು ಬಾಬ್ತು ಇದೆ: ಜೀವನೋಪಾಯಕ್ಕೆ ತೀವ್ರ ಪೆಟ್ಟು ಬಿದ್ದ ಕುಟುಂಬಗಳಿಗೆ ಕೊಡುವ ನೆರವು. 2023ರ ಬರದಲ್ಲಿ ಕರ್ನಾಟಕ ಕೇಳಿದ 18,171.44 ಕೋಟಿಯನ್ನು ಬಿಡಿಸಿ ನೋಡಿದರೆ ಬೆಳೆ ನಷ್ಟಕ್ಕೆ 4,663.12 ಕೋಟಿ, ಕುಡಿಯುವ ನೀರಿಗೆ 566.78 ಕೋಟಿ, ಜಾನುವಾರಿಗೆ 363.68 ಕೋಟಿ. ಜೀವನೋಪಾಯದ ನೆರವಿಗೆ 12,577.86 ಕೋಟಿ. ಬಂದ ಒಟ್ಟು ಹಣ ಬೆಳೆ ನಷ್ಟದ ಬಾಬ್ತಿಗೂ ಸಾಲಲಿಲ್ಲ. ಅಂದಮೇಲೆ ಜೀವನೋಪಾಯದ ಬಾಬ್ತು ಏನಾಯಿತು ಅಂತ ಹೇಳಬೇಕಾಗಿಲ್ಲ.

ಕೇಂದ್ರ ಮತ್ತು ರಾಜ್ಯದ ಜಗಳದಲ್ಲಿ ಇದು ಮುಚ್ಚಿಹೋಗುತ್ತದೆ. ಎಲ್ಲರೂ ಒಟ್ಟು ಮೊತ್ತ ಎಷ್ಟು ಅಂತ ಹೊಡೆದಾಡುತ್ತಾರೆ. ಯಾವ ಬಾಬ್ತಿಗೆ ಕತ್ತರಿ ಬಿತ್ತು ಅಂತ ಕೇಳುವವರು ಕಡಿಮೆ. ಕತ್ತರಿ ಬಿದ್ದಿದ್ದು ಹೊಲ ಇಲ್ಲದವರ ಬಾಬ್ತಿಗೆ. ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ಅತಿ ದೊಡ್ಡ ತಾರತಮ್ಯ ಇದು.

ವಯನಾಡಿಗೆ 529 ಕೋಟಿ ಕೊಟ್ವಿ ಅಂತಾರೆ. ಅದು ಸಾಲ ಅಂತೆ?

ಹೌದು. 2025ರ ಫೆಬ್ರುವರಿಯಲ್ಲಿ 16 ಕಾಮಗಾರಿಗಳಿಗೆ 529.50 ಕೋಟಿ. ಐವತ್ತು ವರ್ಷದ, ಬಡ್ಡಿ ಇಲ್ಲದ ಸಾಲ. ಅದನ್ನು ಮಾರ್ಚ್ 31ರೊಳಗೆ ಬಳಸಬೇಕು ಅನ್ನುವ ಷರತ್ತು. ಬಡ್ಡಿ ಇಲ್ಲದ ದೀರ್ಘ ಸಾಲ ಕೆಟ್ಟದ್ದೇನಲ್ಲ, ರಸ್ತೆ ಸೇತುವೆಗೆ ಆದೀತು. ಆದರೆ ಒಂದೂವರೆ ತಿಂಗಳಲ್ಲಿ ಊರು ಕಟ್ಟಿ ಮುಗಿಸಲು ಯಾರಿಗೆ ಆಗುತ್ತದೆ? ಪುನರ್ನಿರ್ಮಾಣಕ್ಕೆ ಅನುದಾನ ಅಂತ 260.56 ಕೋಟಿ ಒಪ್ಪಿಗೆ ಸಿಕ್ಕಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ, ಗುಡ್ಡ ಕುಸಿದು ವರ್ಷ ದಾಟಿದ ಮೇಲೆ. ಈ ನಡುವೆ ಹಿಂದಿನ ವರ್ಷಗಳದ್ದೂ ಸೇರಿಸಿ ವಾಯುಪಡೆಯ ಹೆಲಿಕಾಪ್ಟರ್ ಸೇವೆಗೆ 132.62 ಕೋಟಿ ಕಟ್ಟಿ ಅಂತ ಕೇರಳಕ್ಕೆ ಪತ್ರವೂ ಹೋಗಿತ್ತು.

2018ರಲ್ಲಿ ಕೇರಳಕ್ಕೆ ಹೊರದೇಶದ ನೆರವು ಬೇಡ ಅಂದ್ರು. ಈಗ ಮಹಾರಾಷ್ಟ್ರಕ್ಕೆ ಹೇಗೆ ಸರಿ ಆಯ್ತು?

ಎರಡೂ ತಾಂತ್ರಿಕವಾಗಿ ಬೇರೆ. 2018ರಲ್ಲಿ ಬೇಡ ಅಂದದ್ದು ವಿದೇಶಿ ಸರ್ಕಾರಗಳ ನೆರವನ್ನು. 2025ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಪರಿಹಾರ ನಿಧಿಗೆ ಸಿಕ್ಕಿದ್ದು ವಿದೇಶಿ ದೇಣಿಗೆ ಪಡೆಯುವ ನೋಂದಣಿ. ಆದರೂ ಒಂದು ರಾಜ್ಯದ ನಿಧಿಗೆ ತೆರೆದ ಬಾಗಿಲು ಎಲ್ಲ ರಾಜ್ಯಗಳಿಗೂ ತೆರೆಯಬೇಕು. ಕೇರಳ ಕೇಳಿದ್ದೂ ಅದನ್ನೇ.

ವೋಟಿಗೂ ಪರಿಹಾರಕ್ಕೂ ಸಂಬಂಧ ಇದೆ ಅಂತ ಯಾರಾದ್ರೂ ಸಾಬೀತು ಮಾಡಿದ್ದಾರಾ?

ಮಾಡಿದ್ದಾರೆ, ಸಾಕಷ್ಟು. ಭಾರತದ ರಾಜ್ಯಗಳ ಬಗ್ಗೆ ಬೆಸ್ಲಿ ಮತ್ತು ಬರ್ಜೆಸ್ 2002ರಲ್ಲಿ ಬರೆದರು: ಪತ್ರಿಕೆ ಜಾಸ್ತಿ ಓದುವ ರಾಜ್ಯಗಳಲ್ಲಿ ಬರ, ನೆರೆಗೆ ಸರ್ಕಾರ ಜಾಸ್ತಿ ಸ್ಪಂದಿಸುತ್ತದೆ. ಅದರಲ್ಲೂ ಸ್ಥಳೀಯ ಭಾಷೆಯ ಪತ್ರಿಕೆಗಳ ಪಾತ್ರ ದೊಡ್ಡದು. ಅಮೆರಿಕದಲ್ಲಿ ಗ್ಯಾರೆಟ್ ಮತ್ತು ಸೋಬೆಲ್ 2003ರಲ್ಲಿ ನೋಡಿದಾಗ ಅಧ್ಯಕ್ಷರ ಚುನಾವಣೆಗೆ ಮುಖ್ಯವಾದ ರಾಜ್ಯಗಳಲ್ಲಿ ವಿಪತ್ತು ಘೋಷಣೆಯೇ ಜಾಸ್ತಿ ಕಂಡಿತು. ಶ್ರೀಮಂತ ದೇಶ, ಬಡ ದೇಶ ಅಂತ ಇದರಲ್ಲಿ ವ್ಯತ್ಯಾಸ ಇಲ್ಲ.

ಪ್ರತಿ ವರ್ಷ ಪರಿಹಾರ ಕೊಡೋ ಬದಲು ಮೊದಲೇ ತಡೆಯೋಕೆ ಯಾಕೆ ಖರ್ಚು ಮಾಡಲ್ಲ?

ತಡೆದರೆ ವೋಟು ಬರುವುದಿಲ್ಲ. ಹೀಲಿ ಮತ್ತು ಮಲ್ಹೋತ್ರಾ 2009ರಲ್ಲಿ ತೋರಿಸಿದ್ದು ಇದನ್ನೇ. ಅಮೆರಿಕದ ಮತದಾರರು ಪರಿಹಾರದ ಖರ್ಚಿಗೆ ಮತ ಕೊಡುತ್ತಾರೆ, ಮುಂಜಾಗ್ರತೆಯ ಖರ್ಚಿಗೆ ಕೊಡುವುದಿಲ್ಲ. ಮುಂಜಾಗ್ರತೆಗೆ ಹಾಕಿದ ಒಂದು ಡಾಲರ್ ಮುಂದಿನ ಸುಮಾರು 15 ಡಾಲರ್ ನಷ್ಟ ತಪ್ಪಿಸುತ್ತದೆ ಅಂತಲೂ ಅವರ ಲೆಕ್ಕ.

ಒಡಿಶಾ ಮಾತ್ರ ಬೇರೆ ದಾರಿ ಹಿಡಿಯಿತು. 1999ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು 10,000 ಜನ ಸತ್ತರು. ಅದೇ ವರ್ಷ ವಿಪತ್ತಿಗೇ ಒಂದು ಪ್ರಾಧಿಕಾರ ಕಟ್ಟಿದರು, ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡ, ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರು. 2019ರಲ್ಲಿ ಫಣಿ ಬರುವ ಮೊದಲು ಸುಮಾರು 12 ಲಕ್ಷ ಜನರನ್ನು ಸ್ಥಳಾಂತರ ಮಾಡಿದರು, ಸಾವು 64ಕ್ಕೆ ನಿಂತಿತು. ಬಡ ರಾಜ್ಯ ಮಾಡಿ ತೋರಿಸಿದ ಕೆಲಸ ಇದು, ದುಡ್ಡಿಲ್ಲ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಕೋರ್ಟಿಗೆ ಹೋದ್ರೆ ಏನಾದ್ರೂ ಆಗುತ್ತಾ?

ಆಗುತ್ತದೆ, ನಿಧಾನವಾಗಿ. 2016ರ ಮೇ ತಿಂಗಳಲ್ಲಿ ಸ್ವರಾಜ್ ಅಭಿಯಾನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬರ ಘೋಷಿಸಲು ಹಿಂದೇಟು ಹಾಕಿದ ರಾಜ್ಯಗಳನ್ನು ತರಾಟೆಗೆ ತೆಗೆದುಕೊಂಡಿತು. ಬರ ಕೈಪಿಡಿ ಪರಿಷ್ಕರಿಸಿ, ಮೂರು ತಿಂಗಳಲ್ಲಿ ರಾಷ್ಟ್ರೀಯ ವಿಪತ್ತು ಉಪಶಮನ ನಿಧಿ ಮಾಡಿ ಅಂದಿತು. ಕೈಪಿಡಿ ಅದೇ ವರ್ಷ ಬಂತು. ನಿಧಿ ಆಗಿದ್ದು 2021ರಲ್ಲಿ.

ನಮ್ಮೂರಿಗೆ ಕಡಿಮೆ ಬಂದಿದೆ ಅಂತ ಅನ್ನಿಸುತ್ತೆ. ಅದನ್ನ ತೋರಿಸೋದು ಹೇಗೆ?

"ಅನ್ಯಾಯ ಆಗಿದೆ" ಅಂತ ಅರ್ಜಿ ಬರೆದರೆ ಅದು ಕಡತ ಸೇರುತ್ತದೆ. ಹೋಲಿಸಿ ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ. ಮೊದಲು ಮಳೆ: ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದ ಮಳೆಯ ಲೆಕ್ಕ ಇಡುತ್ತದೆ. ನಿಮ್ಮ ಹೋಬಳಿಯದ್ದನ್ನೂ ಜಾಸ್ತಿ ಹಣ ಬಂದ ಹೋಬಳಿಯದ್ದನ್ನೂ ತೆಗೆದುಕೊಳ್ಳಿ. ಆಮೇಲೆ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳ ಜಂಟಿ ಸಮೀಕ್ಷೆಯ ಪಟ್ಟಿ: ಎರಡೂ ಕಡೆಯ ಪಟ್ಟಿ, ಹಣ ಬಿಡುಗಡೆಯ ದಿನಾಂಕ ಮತ್ತು ತಿರಸ್ಕಾರ ಆದವರ ಕಾರಣವನ್ನು ಮಾಹಿತಿ ಹಕ್ಕಿನಲ್ಲಿ ತಹಶೀಲ್ದಾರ್ ಕಚೇರಿಯಿಂದ ಕೇಳಿ. ತಿರಸ್ಕಾರಕ್ಕೆ ಅವರು ಕೊಡುವ ಕಾರಣವನ್ನು ಗಮನವಿಟ್ಟು ಓದಿ. ಆಧಾರ್ ಜೋಡಣೆ ಇಲ್ಲ, ಹೆಸರು ತಾಳೆ ಇಲ್ಲ ಅಂತ ಇದ್ದರೆ ಅದು ಕಚೇರಿಯಲ್ಲೇ ಸರಿಯಾಗುವ ಕೆಲಸ. ಶೇ 33ಕ್ಕಿಂತ ಕಡಿಮೆ ನಷ್ಟ ಅಂತ ಇದ್ದರೆ ದಿನಾಂಕ, ಜಾಗ ಕಾಣುವ ಫೋಟೊ ಇಟ್ಟು ಮರುಸಮೀಕ್ಷೆ ಕೇಳಬೇಕು. ಹಾಗಾಗಿ ನೀರು ಇಳಿಯುವ ಮೊದಲೇ ಫೋಟೊ ತೆಗೆದಿಡಿ. ಹೊಲ ಇಲ್ಲದ ಮನೆಯವರದ್ದನ್ನೂ ತೆಗೆಯಿರಿ, ಅವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅರ್ಜಿ ಒಬ್ಬರೇ ಕೊಡಬೇಡಿ. ಓಣಿಯವರೆಲ್ಲ ಸೇರಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ.